ಮಾಳಿಗೆ, ಬಿಸಿಲು ಮತ್ತು ಲೈಟ್ ಬಿಲ್ಲು

ಮಹಾರಾಷ್ಟ್ರದ ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗಾಗಲಿ, ಮಂಗಳವೇಢೆ ತಾಲ್ಲೂಕಿನ ನಂದೇಶ್ವರದ ಕಡೆಗಾಗಲಿ ಹೊರಟರೆ ಒಂದೇ ಓಣಿಯಲ್ಲಿ ಮೂರು ಬಗೆಯ ಸೂರು ಕಾಣುತ್ತವೆ. ಹಳೆಯದು ಮಾಳಿಗೆ. ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣಿನ ಮೇಲ್ಮುದ್ದೆ, ನಡುವೆ ಒಂದು ಬೆಳಕಿಂಡಿ. ಅದರ ಮಗ್ಗುಲಿಗೆ ತಗಡಿನ ಪತ್ರಾಸ್ ಹೊದಿಸಿದ ಮನೆ. ಅದಕ್ಕೂ ಆಚೆ, ಮಗ ಪುಣೆಯಲ್ಲಿ ದುಡಿದು ಕಳಿಸಿದ ಹಣದಲ್ಲಿ ಎದ್ದ ಸ್ಲ್ಯಾಬಿನ ಮನೆ. ಊರಿನವರ ಕಣ್ಣಲ್ಲಿ ಇದು ಏಳಿಗೆಯ ಕ್ರಮ. ಮೇ ತಿಂಗಳ ರಾತ್ರಿ ಎಂಟಕ್ಕೆ ಮೂರರೊಳಗೂ ಕುಳಿತು ನೋಡಿದವರು ಈ ಕ್ರಮವನ್ನು ಸ್ವಲ್ಪ ಬದಲಾಯಿಸಿ ಹೇಳಿಯಾರು.

ಒಂದಡಿ ದಪ್ಪದ ಮಣ್ಣಿನ ಮೇಲೆ ಮಧ್ಯಾಹ್ನ ಬಿದ್ದ ಬಿಸಿ ಒಳಗಿನ ಜಂತಿ ಮುಟ್ಟಲು ಒಂಬತ್ತು-ಹತ್ತು ತಾಸು ಹಿಡಿಯುತ್ತದೆ. ಅಷ್ಟರಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ, ಹೊರಗೆ ಗಾಳಿ ತಂಪಾಗಿರುತ್ತದೆ, ಬಂದ ಬಿಸಿಯೂ ದಾರಿಯಲ್ಲೇ ಸವೆದಿರುತ್ತದೆ. ಪತ್ರಾಸಿಗೆ ಈ ತಡವೇ ಗೊತ್ತಿಲ್ಲ. ಸೂರ್ಯ ಏರಿದ ಹಾಗೆ ಕಾಯುತ್ತದೆ, ಇಳಿದ ಹಾಗೆ ಆರುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬು ಇವೆರಡರ ನಡುವಿನ ಅತಿ ಕೆಟ್ಟ ಜಾಗದಲ್ಲಿದೆ. ಅದರಲ್ಲಿ ಬಿಸಿ ದಾಟಲು ಮೂರು-ನಾಲ್ಕು ತಾಸು ಸಾಕು. ಮಧ್ಯಾಹ್ನ ಎರಡರಿಂದ ಮೂರರ ಉರಿಬಿಸಿಲು ಒಳಗಿನ ಚಾವಣಿಗೆ ಬರುವುದು ಸಂಜೆ ಆರು-ಏಳಕ್ಕೆ, ಅಂದರೆ ಮನೆಮಂದಿಯೆಲ್ಲ ಹೊಲದಿಂದ, ಶಾಲೆಯಿಂದ, ಮಿಲ್ಲಿನಿಂದ ಒಳಗೆ ಬರುವ ಹೊತ್ತಿಗೆ. ಆಗ ಕುರ್ಚಿ ಹತ್ತಿ ಚಾವಣಿಗೆ ಅಂಗೈ ಹಚ್ಚಿ ನೋಡಿ, ಬೆಚ್ಚಗಲ್ಲ, ಬಿಸಿಯಾಗಿಯೇ ಇರುತ್ತದೆ. ಕೆಳಗೆ ತಿರುಗುವ ಫ್ಯಾನು ಆ ಬಿಸಿಗಾಳಿಯನ್ನೇ ತಿರುವಿ ಮೈಮೇಲೆ ಹಾಕುತ್ತದೆ. ಹಾಗಾಗಿ ಕೂಲರ್ ಬರುತ್ತದೆ, ಅದರ ಹಿಂದೆ ಲೈಟ್ ಬಿಲ್ಲು ಬರುತ್ತದೆ, ಬಿಲ್ಲಿನ ಹಿಂದೆ “ಸೋಲಾರ್ ಹಾಕ್ಸೂಣೇನ್ರಿ?” ಎಂಬ ಮಾತು ಬರುತ್ತದೆ.

ಹಾಕಿಸಬಹುದು. ಆದರೆ ಈ ಸೀಮೆಯ ಮನೆಗೆ ಸೌರವಿದ್ಯುತ್ತಿನ ಲೆಕ್ಕ ಶುರುವಾಗಬೇಕಾದದ್ದು ಪ್ಯಾನೆಲ್ಲಿನಿಂದಲ್ಲ, ಅದು ಕೂರುವ ಸೂರಿನಿಂದ ಎಂಬುದು ನನ್ನ ವಾದ. ಅದಕ್ಕೆ ಕಾರಣ ಹೇಳುವ ಮೊದಲು ಪ್ಯಾನೆಲ್ಲಿನೊಳಗೆ ಏನು ನಡೆಯುತ್ತದೆ ನೋಡೋಣ, ಯಾಕೆಂದರೆ “ನಮ್ಮಲ್ಲಿ ಬಿಸಿಲು ಜೋರು, ಕರೆಂಟೂ ಜೋರು ಬರ್ತದ” ಎಂಬ ನಂಬಿಕೆ ಇಲ್ಲಿ ಬಹಳ ಗಟ್ಟಿಯಾಗಿದೆ.

ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿ ಕಂಡಾಗ ಆತನಿಗೆ 19 ವರ್ಷ. ಅದು ಕೆಲಸಕ್ಕೆ ಬರುವ ಸಾಧನವಾದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಮಾಡಿದ ಸಿಲಿಕಾನ್ ಕೋಶ, ತನ್ನ ಮೇಲೆ ಬಿದ್ದ ಬೆಳಕಿನ ಶೇ 6ರಷ್ಟನ್ನು ವಿದ್ಯುತ್ತಾಗಿಸಿತು. ಇವತ್ತು ಅಂಗಡಿಯಲ್ಲಿ ಸಿಗುವ ಪ್ಯಾನೆಲ್ಲು ಶೇ 20ರಿಂದ 22ರಷ್ಟು ಕೊಡುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಗಾಜಿನಿಂದ ಹಿಂದಿರುಗುತ್ತದೆ, ಹೆಚ್ಚಿನದು ಬಿಸಿಯಾಗಿ ಪ್ಯಾನೆಲ್ಲನ್ನೇ ಕಾಯಿಸುತ್ತದೆ.

ಕೆಲಸ ಮಾಡುವುದು ಬೆಳಕಿನ ಕಣ. ಸಾಕಷ್ಟು ಶಕ್ತಿಯುಳ್ಳ ಒಂದು ಕಣ ಬಡಿದಾಗ ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನ್ ಕಟ್ಟು ಕಳಚಿಕೊಳ್ಳುತ್ತದೆ. ಕೋಶದೊಳಗೇ ಇರುವ ವಿದ್ಯುತ್ ಕ್ಷೇತ್ರ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೀಗೆ ತಳ್ಳುವ ಬಲ ಒಂದು ಕೋಶಕ್ಕೆ ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಸಿಲಿಕಾನ್ ಕಾದಂತೆಲ್ಲ ಕಳಚಿಕೊಂಡ ಎಲೆಕ್ಟ್ರಾನುಗಳು ತಂತಿ ಸೇರುವ ಮೊದಲೇ ಮರಳಿ ಕಟ್ಟಿಗೆ ಬೀಳುವುದು ಹೆಚ್ಚುತ್ತದೆ. ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇಳಿತ ಚಿಕ್ಕದೇ, ಆದರೆ ಇಲ್ಲಿ ಡಿಗ್ರಿಗಳು ಚಿಕ್ಕವಲ್ಲವಲ್ಲ.

ಪ್ಯಾನೆಲ್ಲಿನ ಹಿಂಬದಿಯ ಚೀಟಿಯಲ್ಲಿ ಬರೆದಿರುವ 540 ವ್ಯಾಟ್, 550 ವ್ಯಾಟ್ ಎಂಬುದು ಕೋಶ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನ ಅಳತೆ. ಅದು ಕಾರ್ಖಾನೆಯ ಕೋಣೆಯೊಳಗಿನ ಸ್ಥಿತಿ. ಸೊಲ್ಲಾಪುರದ ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ಇರುವಾಗ ನಡುಬಿಸಿಲಿನ ಕೋಶ 70 ಡಿಗ್ರಿಯ ಹತ್ತಿರ ಹೋಗುತ್ತದೆ. 25ಕ್ಕಿಂತ 45 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೆ ಶೇ 0.35ರಂತೆ ಹಿಡಿದರೂ ಶೇ 16ರಷ್ಟು ಅಲ್ಲೇ ಹೋಯಿತು. ಡಿಸೆಂಬರಿನಲ್ಲಿ ಈ ನಷ್ಟ ಶೇ 10ರ ಆಸುಪಾಸಿಗೆ ಇಳಿಯುತ್ತದೆ. ಒಟ್ಟು ಬೆಳಕು ಬೇಸಿಗೆಯಲ್ಲೇ ಹೆಚ್ಚಾದ್ದರಿಂದ ಬೇಸಿಗೆ ಸೋಲುವುದೇನೂ ಇಲ್ಲ. ಆದರೆ ಚೀಟಿ ನೋಡಿ ಲೆಕ್ಕ ಹಾಕಿದವರಿಗೆ ಮೇ ತಿಂಗಳ ಉತ್ಪಾದನೆ ಕಂಡು ‘ಮಾಲು ಖೊಟ್ಟಿ’ ಅನ್ನಿಸುತ್ತದೆ. ಖೊಟ್ಟಿಯಲ್ಲ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಅದರ ಜೊತೆ ನಾವು ಬೇಡದೆ ಬರುವುದು ಬಿಸಿ. ಅದಕ್ಕೇ ಪ್ಯಾನೆಲ್ಲನ್ನು ಸೂರಿಗೆ ಅಂಟಿಸಿದಂತೆ ಕೂರಿಸಬಾರದು, ಅಡಿಯಲ್ಲಿ ಗಾಳಿ ಆಡಬೇಕು. ಪತ್ರಾಸಿನ ಮೇಲೆ ಕಂಬಿ ಹಾಸಿ ಒಂದಿಂಚೂ ಬಿಡದೆ ಬಿಗಿದು ಹೋಗುವ ಮೇಸ್ತ್ರಿಗಳನ್ನು ತಡೆಯುವುದು ಮನೆಯ ಯಜಮಾನನ ಹಕ್ಕು.

ಇನ್ನು ಸೂರ್ಯನ ದಾರಿ. ಅಕ್ಕಲಕೋಟೆ ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೆಯ ವಾರದಲ್ಲಿ ಒಂದು ದಿನ ಮಧ್ಯಾಹ್ನ ಇಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಹಾಗೇ. ನಡುವಿನ ಸುಮಾರು ಹನ್ನೆರಡು ವಾರ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನಮ್ಮ ಪ್ಯಾನೆಲ್ಲುಗಳು ಮಾತ್ರ ದಕ್ಷಿಣಕ್ಕೆ ಮುಖ ಮಾಡಿ ಕೂತಿರುತ್ತವೆ. ಉಳಿದ ನಲವತ್ತು ವಾರ ಸೂರ್ಯ ದಕ್ಷಿಣದಲ್ಲೇ ಇರುವುದರಿಂದ ಅದೇ ಸರಿ. ಅಕ್ಷಾಂಶದಷ್ಟೇ, ಅಂದರೆ 15ರಿಂದ 18 ಡಿಗ್ರಿ ಓರೆ ಕೊಟ್ಟರೆ ವರ್ಷದ ಒಟ್ಟು ಲೆಕ್ಕ ಚೆನ್ನಾಗಿ ಕೂಡುತ್ತದೆ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹತ್ತಿರ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು, ನಾವಿರುವುದು 76ರ ಬಳಿ.

ಮಳೆಗಾಲದ ಸಂಗತಿ ಬೇರೆ, ಅದರಲ್ಲಿ ಸ್ವಲ್ಪ ವ್ಯಂಗ್ಯವೂ ಇದೆ. ಸೊಲ್ಲಾಪುರ ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಜುಲೈ-ಆಗಸ್ಟ್‌ನಲ್ಲಿ ಮೋಡ ದಿನಗಟ್ಟಲೆ ಕವಿದಿರುತ್ತದೆ, ಹನಿ ಮಾತ್ರ ಎಷ್ಟೋ ದಿನ ಬೀಳುವುದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮೋಡಬಿತ್ತನೆಯ ಪ್ರಯೋಗಕ್ಕೆ 2018 ಮತ್ತು 2019ರ ಮಳೆಗಾಲದಲ್ಲಿ ಆರಿಸಿಕೊಂಡದ್ದು ಇದೇ ಸೊಲ್ಲಾಪುರದ ಆಕಾಶವನ್ನು. 276 ಮೋಡಗಳನ್ನು ಹಿಡಿದು, ಕೆಲವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬಿತ್ತಿ, ಕೆಲವನ್ನು ಹೋಲಿಕೆಗೆಂದು ಹಾಗೇ ಬಿಟ್ಟು ಅಳೆದರು. ಬಿತ್ತಿದ ಕಡೆ ಗಾಳಿ ಬೀಸುವ ದಿಕ್ಕಿನ ಪ್ರದೇಶದಲ್ಲಿ ಮಳೆ ಸರಾಸರಿ ಶೇ 18ರಷ್ಟು ಹೆಚ್ಚಿತೆಂದು ವರದಿ ಮಾಡಿದರು. ರೈತನಿಗೆ ಅದು ಬೇರೆ ಕತೆ. ಪ್ಯಾನೆಲ್ಲು ಹಾಕಿಸಿದವನಿಗೆ ಇಷ್ಟು ಗೊತ್ತಿದ್ದರೆ ಸಾಕು: ಮಳೆ ಕೊಡದ ಮೋಡವೂ ಬೆಳಕು ಕಸಿಯುತ್ತದೆ. ದಟ್ಟ ಮೋಡದ ದಿನ ಚದುರಿದ ಬೆಳಕಿನಿಂದ ಅಲ್ಪಸ್ವಲ್ಪ ವಿದ್ಯುತ್ ಬರುತ್ತದೆ, ಬಿಸಿಲ ದಿನದ ಕಾಲುಭಾಗವೂ ಆಗದೆ ಹೋಗಬಹುದು. ವರ್ಷದ ಸರಾಸರಿಯಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಎಂದು ಹಿಡಿಯಿರಿ. ಐದೂವರೆ, ಆರು ಎಂದು ಹೇಳುವ ಮಾರಾಟಗಾರ ಮಾರ್ಚ್ ತಿಂಗಳ ಒಳ್ಳೆಯ ದಿನವೊಂದನ್ನು ನಿಮಗೆ ವರ್ಷವಿಡೀ ಮಾರುತ್ತಿದ್ದಾನೆ.

ಮೋಡಕ್ಕಿಂತ ಹೆಚ್ಚು ಕಾಟ ಕೊಡುವುದು ಮನೆಯದೇ ನೆರಳು. ಪ್ಯಾನೆಲ್ಲಿನಲ್ಲಿ ಕೋಶಗಳು ಸಾಲಾಗಿ ಒಂದಕ್ಕೊಂದು ಪೋಣಿಸಿಕೊಂಡಿವೆ. ಒಂದೇ ನೊಗದ ಸಾಲಿನಲ್ಲಿ ಒಂದು ಎತ್ತು ಕೂತುಬಿಟ್ಟರೆ ಉಳಿದವೂ ನಿಲ್ಲಲೇಬೇಕು. ಇಲ್ಲೂ ಹಾಗೇ, ಒಂದು ಕೋಶದ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಪ್ರವಾಹ ಕುಗ್ಗುತ್ತದೆ. ಕುಗ್ಗುವುದಷ್ಟೇ ಅಲ್ಲ, ಉಳಿದ ಕೋಶಗಳು ತಳ್ಳುವ ವಿದ್ಯುತ್ತು ಆ ಒಂದರಲ್ಲೇ ಬಿಸಿಯಾಗಿ ಸುಡಬಹುದು. ಇದಕ್ಕೆಂದೇ ಪ್ಯಾನೆಲ್ಲಿನ ಬೆನ್ನ ಮೇಲಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಡಯೋಡ್ ಇಟ್ಟಿರುತ್ತಾರೆ, ನೆರಳು ಬಿದ್ದ ಮೂರನೇ ಒಂದು ಭಾಗವನ್ನು ಬದಿಗೆ ಬಿಟ್ಟು ಪ್ರವಾಹ ಮುಂದೆ ಹೋಗುತ್ತದೆ. ಸುಡುವುದು ತಪ್ಪಿತು, ನಷ್ಟ ತಪ್ಪಲಿಲ್ಲ.

ನೆರಳು ಬೀಳಿಸುವುದು ಯಾವುದು? ಬೇವಿನ ಮರವನ್ನು ಎಲ್ಲರೂ ನೋಡಿರುತ್ತಾರೆ. ನೀರಿನ ಟ್ಯಾಂಕು, ಟಿವಿಯ ಡಿಶ್ಶು, ಮುಂದೆಂದೋ ಎಬ್ಬಿಸಲೆಂದು ಬಿಟ್ಟ ಕಾಲಮ್ಮಿನ ಕಬ್ಬಿಣದ ಸರಳು ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ನೋಡಲು ಬಂದವರಿಗೆ ಅವುಗಳ ನೆರಳು ಕಾಣುವುದೂ ಇಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನಲ್ಲ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ನಡೆಯುವ ಸಂಕ್ರಾಂತಿಯ ಹೊತ್ತಿಗೆ ಸೂರು ಹತ್ತಿ ನೋಡಬೇಕು. ಐದಡಿ ಎತ್ತರದ ಟ್ಯಾಂಕಿನ ನೆರಳು ಆಗ ನಡುಮಧ್ಯಾಹ್ನವೂ ನಾಲ್ಕಡಿ ಉತ್ತರಕ್ಕೆ ಚಾಚಿರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಎಂಟಡಿ ದಾಟಿರುತ್ತದೆ. ಟ್ಯಾಂಕು ಪ್ಯಾನೆಲ್ಲಿನ ಉತ್ತರಕ್ಕಿರಲಿ ಎಂಬ ಒಂದೇ ಮಾತು ಎಷ್ಟೋ ಯೂನಿಟ್ಟುಗಳನ್ನು ಉಳಿಸುತ್ತದೆ.

ಧೂಳಿನ ಮಾತೂ ಇಲ್ಲೇ ಆಗಲಿ. ಎರೆಮಣ್ಣಿನ ಸೀಮೆ, ಫೆಬ್ರುವರಿ-ಮಾರ್ಚ್‌ನಲ್ಲಿ ಜೋಳದ ರಾಶಿ, ಹೊಟ್ಟು ತೂರುವ ಗಾಳಿ. ಜೊತೆಗೆ ಜಿಲ್ಲೆಯ ತುಂಬ ಸಕ್ಕರೆ ಕಾರಖಾನೆಗಳು. ಕಬ್ಬು ನುರಿಸುವ ಹಂಗಾಮಿನಲ್ಲಿ ಚಿಮಣಿಯಿಂದ ಹಾರಿದ ಕಪ್ಪು ಬೂದಿ ಒಣಹಾಕಿದ ಬಟ್ಟೆಯ ಮೇಲೆ ಬೀಳುವುದನ್ನು ಕಂಡವರು ಪ್ಯಾನೆಲ್ಲಿನ ಗತಿಯನ್ನೂ ಊಹಿಸಬಹುದು. ತೊಳೆಯಲೇಬೇಕು. ಯಾವ ನೀರಿನಿಂದ ಎಂಬುದೇ ತೊಡಕು. ಇಲ್ಲಿನ ಬೋರಿನ ನೀರು ಗಡಸು, ಮಧ್ಯಾಹ್ನ ಕಾದ ಗಾಜಿನ ಮೇಲೆ ಸುರಿದರೆ ನೀರು ಕ್ಷಣದಲ್ಲಿ ಹಾರಿ ಸುಣ್ಣದಂಥ ಬಿಳಿ ಕಲೆ ಉಳಿಯುತ್ತದೆ. ನಾಲ್ಕು ಸಲ ಹೀಗೆ ತೊಳೆದ ಗಾಜಿನ ಮೇಲೆ ಉಗುರಿನಿಂದ ಕೆರೆದರೂ ಬಿಡದ ಪೊರೆ ಕೂತಿರುತ್ತದೆ. ಧೂಳಾದರೆ ಮಳೆಗೆ ಹೋಗುತ್ತಿತ್ತು, ಇದು ಹೋಗುವುದಿಲ್ಲ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯುವುದರಿಂದ ಗಾಜು ಬಿರಿಯುವ ಭಯವೂ ಇದೆ. ನಸುಕಿನಲ್ಲಿ, ಗಾಜು ತಣ್ಣಗಿರುವಾಗ ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿಬಿಡುವುದು ವಾಸಿ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ ಕೊಡಗಟ್ಟಲೆ ನೀರು ಸೂರಿಗೆ ಸುರಿಯುವ ಮಾತು ಹೇಗೂ ಆಡಬಾರದು.

ಈಗ ಬಿಲ್ಲು. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಮನೆಬಳಕೆಯ ಬಿಲ್ಲಿನಲ್ಲಿ, ಊರವರ ಬಾಯಲ್ಲಿ ಅದು ಇನ್ನೂ ಎಂಎಸ್‌ಇಬಿಯೇ, ದರ ಹಂತಹಂತವಾಗಿ ಏರುತ್ತದೆ. ಮೊದಲ 100 ಯೂನಿಟ್‌ಗೆ ಒಂದು ದರ. 101ರಿಂದ 300ರವರೆಗೆ ಅದರ ಸರಿಸುಮಾರು ಎರಡು ಪಟ್ಟು. ಆದ್ದರಿಂದ ತಿಂಗಳಿಗೆ 150 ಯೂನಿಟ್ ಉರಿಸುವ ಮನೆಯಲ್ಲಿ ದುಬಾರಿಯಾದದ್ದು ಕೊನೆಯ ಐವತ್ತು. ಆ ಐವತ್ತನ್ನು ಎಲ್ಲಿಂದ ತೆಗೆಯಬಹುದು?

ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಮೂರು ಫ್ಯಾನು, ಬೇಸಿಗೆಯಲ್ಲಿ ದಿನಕ್ಕೆ 14 ತಾಸು ತಿರುಗಿದರೆ 3.15 ಯೂನಿಟ್. ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಅದರಲ್ಲಿ ಕಾಂತವೇ ತಿರುಗುತ್ತದೆ, ಸುರುಳಿಗಳಿಗೆ ಯಾವ ಕ್ಷಣ ವಿದ್ಯುತ್ ಹರಿಯಬೇಕೆಂಬುದನ್ನು ಒಂದು ಚಿಕ್ಕ ಸರ್ಕಿಟ್ಟು ನಿರ್ಧರಿಸುತ್ತದೆ, ಹಳೆಯ ಮೋಟಾರಿನಂತೆ ಅರ್ಧ ಶಕ್ತಿ ಬಿಸಿಯಾಗಿ ಹೋಗುವುದಿಲ್ಲ. ಅದೇ ಮೂರು ಫ್ಯಾನಿಗೆ 1.26 ಯೂನಿಟ್. ದಿನಕ್ಕೆ 1.9 ಯೂನಿಟ್ ಉಳಿಯಿತು, ತಿಂಗಳಿಗೆ 57. ಐವತ್ತು ಅಲ್ಲಿಗೇ ಸಿಕ್ಕಿತು, ದುಬಾರಿ ಹಂತ ಮುಗಿಯಿತು. ಇಷ್ಟೇ ವಿದ್ಯುತ್ತನ್ನು ಪ್ಯಾನೆಲ್ಲಿನಿಂದ ಹುಟ್ಟಿಸಲು ಅರ್ಧ ಕಿಲೋವ್ಯಾಟ್ ಬೇಕಾಗುತ್ತಿತ್ತು, ಅದರ ಖರ್ಚು ಮೂರು ಫ್ಯಾನಿನ ಖರ್ಚಿಗಿಂತ ಎಷ್ಟೋ ಹೆಚ್ಚು.

ಸ್ನಾನದ ನೀರಿಗೂ ಇದೇ ಮಾತು. ಬಿಸಿಲನ್ನು ಮೊದಲು ವಿದ್ಯುತ್ ಮಾಡಿ, ಆ ವಿದ್ಯುತ್ತಿನಿಂದ ಗೀಜರಿನಲ್ಲಿ ನೀರು ಕಾಯಿಸುವುದು ಸುತ್ತು ದಾರಿ. ಐದರಲ್ಲಿ ನಾಲ್ಕು ಪಾಲು ಮೊದಲ ಹೆಜ್ಜೆಯಲ್ಲೇ ಹೋಗುತ್ತದೆ. ಸೋಲಾರ್ ನೀರಿನ ಹೀಟರು ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ನೇರ ನೀರಿಗೆ ದಾಟಿಸುತ್ತದೆ. ಗಡಸು ನೀರಿನ ಸುಣ್ಣ ಅದರ ಕೊಳವೆಗಳಲ್ಲೂ ಕಟ್ಟುತ್ತದೆ ಎಂಬುದನ್ನು ಮಾತ್ರ ಕೊಳ್ಳುವ ಮೊದಲು ಕೇಳಿಕೊಳ್ಳಬೇಕು. ಹಳ್ಳಿಮನೆಯ ಬಚ್ಚಲ ಒಲೆಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹೊಲದಿಂದಲೇ ಬರುತ್ತಿದ್ದರೆ ಇದರ ಅವಸರವೂ ಇಲ್ಲ. ಜೋಳದ ರೊಟ್ಟಿಯನ್ನು ಇಂಡಕ್ಷನ್ ಒಲೆಯ ಮೇಲೆ ಬೇಯಿಸಿ ‘ಹಸಿರು ಅಡುಗೆ’ ಮಾಡಿರೆಂದು ಉಪದೇಶಿಸುವವರಿಗೆ ನನ್ನದೊಂದೇ ಬಿನ್ನಹ, ಮೊದಲು ಆ ರೊಟ್ಟಿಯನ್ನು ನೀವೇ ತಿಂದು ನೋಡಿ.

ಇನ್ನು ಸೂರು. ಸ್ಲ್ಯಾಬಿಗೆ ಸುಣ್ಣ ಬಳಿಯುವುದಕ್ಕಿಂತ ಅಗ್ಗದ ಉಪಾಯವಿಲ್ಲ. ಬಿಳಿ ಮೇಲ್ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ, ಚಾವಣಿ ಹಲವು ಡಿಗ್ರಿ ತಂಪಾಗಿರುತ್ತದೆ. ಅಹಮದಾಬಾದಿನವರು 2013ರಲ್ಲಿ ಉಷ್ಣ ಅಲೆಗೆಂದೇ ಯೋಜನೆ ಮಾಡಿದರು, ತೆಲಂಗಾಣ 2023ರಲ್ಲಿ ತಂಪು ಸೂರಿನದೇ ಒಂದು ನೀತಿ ತಂದಿತು. ಪ್ಯಾನೆಲ್ಲೂ ಇಲ್ಲಿ ಎರಡು ಕೆಲಸ ಮಾಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಶಾಖೆಯ ಯಾನ್ ಕ್ಲೈಸ್ಲ್ ಮತ್ತು ಜೊತೆಗಾರರು ತಮ್ಮದೇ ಕಟ್ಟಡವೊಂದರಲ್ಲಿ ಅಳೆದು 2011ರಲ್ಲಿ ಪ್ರಕಟಿಸಿದ ಪ್ರಕಾರ, ಪ್ಯಾನೆಲ್ಲಿನ ನೆರಳಿದ್ದ ಕಡೆ ಸೂರಿಗೆ ಇಳಿಯುವ ಬಿಸಿ ಶೇ 38ರಷ್ಟು ಕಡಿಮೆಯಾಗಿತ್ತು. ಆದ್ದರಿಂದ ಪ್ಯಾನೆಲ್ಲುಗಳನ್ನು ಮಲಗುವ ಕೋಣೆಯ ಮೇಲೆ ಕೂರಿಸಿದರೆ ಲಾಭ ಎರಡು ಬಗೆ, ಜಿನೆಯ ಮೇಲೆ ಕೂರಿಸಿದರೆ ಒಂದೇ. ಎರಡೂ ಮುಖದಿಂದ ಬೆಳಕು ಹೀರುವ ಪ್ಯಾನೆಲ್ಲುಗಳು ಈಗ ಬಂದಿವೆ. ಅವುಗಳ ಅಡಿಯ ನೆಲ ಸುಣ್ಣದ ಬಿಳಿಯಾಗಿದ್ದರೆ ಹಿಂಬದಿಗೂ ಬೆಳಕು ಸಿಗುತ್ತದೆ.

ಸೂರಿನ ಲೆಕ್ಕ ಮೊದಲು ಎಂದೆನಲ್ಲ, ಅದರ ಅಸಲು ಕಾರಣ ಹೊತ್ತಿನದು. ಕಾದ ಸ್ಲ್ಯಾಬು ಮನೆಯೊಳಗೆ ಬಿಸಿ ಸುರಿಯಲು ಆರಂಭಿಸುವುದು ಸಂಜೆ. ಪ್ಯಾನೆಲ್ಲು ಸೊನ್ನೆಗೆ ಇಳಿಯುವುದೂ ಸಂಜೆಯೇ. ಫ್ಯಾನು, ಕೂಲರು, ದೀಪ, ಟಿವಿ ಎಲ್ಲ ಒಟ್ಟಿಗೆ ತಿರುಗುವ ರಾತ್ರಿ ಎಂಟರಲ್ಲಿ ನಿಮ್ಮ ಸೂರಿನ ಮೂರು ಕಿಲೋವ್ಯಾಟ್ ಕೊಡುವುದು ಏನೂ ಇಲ್ಲ. ನೆಟ್ ಮೀಟರು ಹಗಲು ನೀವು ತಂತಿಗೆ ಕೊಟ್ಟ ಯೂನಿಟ್ಟನ್ನೂ ರಾತ್ರಿ ಪಡೆದ ಯೂನಿಟ್ಟನ್ನೂ ಬಿಲ್ಲಿನಲ್ಲಿ ಕೂಡಿ ಕಳೆಯುತ್ತದೆ, ಕಾಗದದ ಮೇಲೆ ಮನೆ ‘ಪೂರ್ತಿ ಸೌರ’ ಆಗಿಬಿಡುತ್ತದೆ. ಆದರೆ ರಾತ್ರಿಯ ಆ ಯೂನಿಟ್ಟು ಬಹುಪಾಲು ಕಲ್ಲಿದ್ದಲಿನದು. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲೇ ಎನ್‌ಟಿಪಿಸಿಯ 1,320 ಮೆಗಾವ್ಯಾಟ್ ಸ್ಥಾವರವಿದೆ, ಅದಕ್ಕೆ ಕಲ್ಲಿದ್ದಲು ರೈಲಿನಲ್ಲಿ ದೂರದಿಂದ ಬರಬೇಕು, ನೀರು ಭೀಮೆಯ ಉಜನಿ ಜಲಾಶಯದಿಂದ ಬರಬೇಕು. ಬಿಲ್ಲು ಸೊನ್ನೆಯಾದರೆ ಹೊಗೆಯೂ ಸೊನ್ನೆ ಎಂದುಕೊಳ್ಳುವುದು ತಪ್ಪು. ಹಾಗಾಗಿ ಸಂಜೆಯ ಬೇಡಿಕೆಯನ್ನೇ ತಗ್ಗಿಸುವ ಸುಣ್ಣ, ನೆರಳು, ಒಳ್ಳೆಯ ಫ್ಯಾನು ಮೊದಲು. ಬಟ್ಟೆ ಒಗೆಯುವ ಮಷೀನು, ಇಸ್ತ್ರಿ, ಟ್ಯಾಂಕಿಗೆ ನೀರೇರಿಸುವ ಮೋಟಾರು, ಮನೆಯಲ್ಲೇ ಇಟ್ಟುಕೊಂಡ ಹಿಟ್ಟಿನ ಗಿರಣಿ ಇವನ್ನು ಹನ್ನೊಂದರಿಂದ ಮೂರರೊಳಗೆ ಓಡಿಸುವ ರೂಢಿ ಆಮೇಲೆ. ಹಗಲಿನ ಯೂನಿಟ್ಟನ್ನು ಹಗಲೇ ಮನೆಯಲ್ಲಿ ಉಂಡಷ್ಟೂ ಅದು ನಿಜವಾದ ಸೌರ.

ಸೋಲಾರ್ ಹಾಕಿಸಿದ ಮೊದಲ ವಾರ ಹಳ್ಳಿಮನೆಯಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆ ಇದು: “ಲೈಟ್ ಹೋಯ್ತಂದ್ರ ನಮ್ ಸೋಲಾರೂ ಯಾಕ್ ಹೋಗ್ತದ್ರಿ? ಮ್ಯಾಲ ಬಿಸಲು ಹಂಗೇ ಅದಲ್ಲ?” ಲಕ್ಷ ಸುರಿದು ಹಾಕಿಸಿದ ಮೇಲೂ ನೆರೆಮನೆಯಂತೆಯೇ ಕತ್ತಲಲ್ಲಿ ಕೂರುವುದು ಅವಮಾನವೆನಿಸುವುದು ಸಹಜ. ಕಾರಣ ಗೊತ್ತಾದರೆ ಸಿಟ್ಟು ಇಳಿಯಬಹುದು. ತಂತಿಗೆ ಜೋಡಿಸಿದ ಇನ್ವರ್ಟರು ತನ್ನ ಲಯವನ್ನು ತಾನೇ ಹಾಕುವುದಿಲ್ಲ. ತಂತಿಯಲ್ಲಿ ಬರುವ 230 ವೋಲ್ಟಿನ, ಸೆಕೆಂಡಿಗೆ 50 ಸಲ ಏರಿಳಿಯುವ ಅಲೆಯನ್ನು ನೋಡಿಕೊಂಡೇ ತನ್ನ ಅಲೆಯನ್ನು ಅದಕ್ಕೆ ಹೊಂದಿಸುತ್ತದೆ. ಆ ಅಲೆ ನಿಂತರೆ ಎರಡು ಸೆಕೆಂಡಿನೊಳಗೆ ಇದೂ ನಿಲ್ಲಬೇಕೆಂಬುದು ನಿಯಮ. ಯಾಕೆಂದರೆ ಡಿಪಿಯ (ಟ್ರಾನ್ಸ್‌ಫಾರ್ಮರಿನ) ಬಳಿ ಫ್ಯೂಸು ಕಿತ್ತು, ತಂತಿ ಸತ್ತಿದೆ ಎಂದು ನಂಬಿ ವಾಯರ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಿಮ್ಮ ಸೂರಿನಿಂದ ವಿದ್ಯುತ್ ಆ ತಂತಿಗೆ ಹರಿದರೆ ಅವನ ಜೀವಕ್ಕೆ ಕುತ್ತು.

ಹಳ್ಳಿಯಲ್ಲಿ ಇನ್ನೊಂದು ತೊಂದರೆ, ಕರೆಂಟು ಇದ್ದೂ ಇಲ್ಲದ ಸ್ಥಿತಿ. ಸಾಲಿನ ತುದಿಯ ಮನೆಗಳಲ್ಲಿ ವೋಲ್ಟೇಜು ಎಷ್ಟೋ ಸಲ 180ರ ಕೆಳಗೆ ಬೀಳುತ್ತದೆ, ಇನ್ವರ್ಟರು ಅದನ್ನೂ ಕೆಟ್ಟ ಅಲೆಯೆಂದು ತಿಳಿದು ಕೈಬಿಡುತ್ತದೆ. ಒಳ್ಳೆಯ ಬಿಸಿಲಿನ ನಡುಹಗಲು ಪ್ಯಾನೆಲ್ಲು ಸುಮ್ಮನೆ ಕಾಯುತ್ತ ಕೂತಿರುತ್ತದೆ. ಹೊಲದ ಪಂಪುಗಳ ಫೀಡರನ್ನು ಊರಿನ ಫೀಡರಿನಿಂದ ಬೇರೆ ಮಾಡಿದ ಕಡೆ ಈ ಕಾಟ ಕಡಿಮೆ. ಮಹಾರಾಷ್ಟ್ರ 2017ರಲ್ಲಿ ಶುರುಮಾಡಿ 2023ರಲ್ಲಿ ಹಿಗ್ಗಿಸಿದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯಲ್ಲಿ ಹೊಲದ ಫೀಡರುಗಳಿಗೆ ಹತ್ತಿರದಲ್ಲೇ ಸೌರ ಸ್ಥಾವರ ಕಟ್ಟಿ ಹಗಲು ವಿದ್ಯುತ್ ಕೊಡುತ್ತಾರೆ. ರಾತ್ರಿ ಪಾಳಿಯಲ್ಲಿ ಹಾವು-ಚೇಳಿನ ನಡುವೆ ನೀರು ಹಾಯಿಸುತ್ತಿದ್ದವರಿಗೆ ಇದರ ಬೆಲೆಯನ್ನು ಯೂನಿಟ್ ಲೆಕ್ಕದಲ್ಲಿ ಹೇಳಬೇಕಾಗಿಲ್ಲ.

ಕತ್ತಲೆಯೇ ಮುಖ್ಯ ಚಿಂತೆಯಾದರೆ ಬ್ಯಾಟರಿ ಬೇಕು, ಆದರೆ ಇಡೀ ಮನೆಗಲ್ಲ. ನಾಲ್ಕು ಎಲ್‌ಇಡಿ ದೀಪ, ಎರಡು ಬಿಎಲ್‌ಡಿಸಿ ಫ್ಯಾನು, ಮೊಬೈಲಿನ ಚಾರ್ಜರು ಇಷ್ಟನ್ನು ಬೇರೆ ವೈರಿಂಗಿನಲ್ಲಿ ಹಿಡಿದರೆ ನೂರು ವ್ಯಾಟ್ ಚಿಲ್ಲರೆ, ಚಿಕ್ಕ ಬ್ಯಾಟರಿಯೇ ಒಂದು ರಾತ್ರಿ ನಿಭಾಯಿಸುತ್ತದೆ. ಕರ್ನಾಟಕದಲ್ಲಿ 1995ರಿಂದ ಸೆಲ್ಕೋ ಸಂಸ್ಥೆ ಮಾಡಿಕೊಂಡು ಬಂದದ್ದು ಹೆಚ್ಚುಕಡಿಮೆ ಇದನ್ನೇ. ಕರೆಂಟಿಲ್ಲದ ಮನೆಗೆ ಅದರ ದುಡಿಮೆಯ ಅಳತೆಗೆ ತಕ್ಕ ದೀಪ, ಅದರ ಗಳಿಕೆಗೆ ತಕ್ಕ ಸಾಲದ ಕಂತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮಾರಾಟದ ಹಾಳೆಗಳಲ್ಲಿ ಎಲ್ಲೂ ಕಾಣದ ಒಂದು ಸಂಗತಿ, ಸೂರು ಖಾಲಿ ಜಾಗವಲ್ಲ. ಹೋಳಿಯಿಂದ ಯುಗಾದಿಯವರೆಗೆ ಅಲ್ಲಿ ಶಾವಿಗೆ, ಸಂಡಿಗೆ, ಕುರಡಗಿ, ಹಪ್ಪಳ ಒಣಗುತ್ತವೆ. ಅದಕ್ಕೂ ಮುಂಚೆ ಮೆಣಸಿನಕಾಯಿ, ತೊಗರಿಬೇಳೆ. ಬೇಸಿಗೆಯ ರಾತ್ರಿ ಇಡೀ ಮನೆ ಹಾಸಿಗೆ ಹೊತ್ತು ಮೇಲೆ ಹೋಗುತ್ತದೆ. ಮೂರು ಕಿಲೋವ್ಯಾಟಿಗೆ ಆರು ಪ್ಯಾನೆಲ್ಲು, ನಡೆದಾಡುವ ಸಂದು ಸೇರಿ ಮುನ್ನೂರು ಚದರಡಿ. ಗಂಡಸರು ದರಪಟ್ಟಿ ನೋಡಿ ಒಪ್ಪಿಗೆ ಕೊಡುತ್ತಾರೆ, ಬೇಳೆ ಒಣಹಾಕುವ ಜಾಗ ಹೋದದ್ದು ಹೆಂಗಸರಿಗೆ ಫೆಬ್ರುವರಿಯಲ್ಲಿ ಗೊತ್ತಾಗುತ್ತದೆ. ಏಳೆಂಟಡಿ ಎತ್ತರಕ್ಕೆ ಕಂಬ ಎಬ್ಬಿಸಿ ಪ್ಯಾನೆಲ್ಲನ್ನು ಚಪ್ಪರ ಮಾಡಿಕೊಳ್ಳಬಹುದು, ಮಲಗಲು ಮರೆಯೂ ಆಯಿತು, ಪ್ಯಾನೆಲ್ಲಿಗೆ ಗಾಳಿಯೂ ಆಯಿತು. ಖರ್ಚು ಹೆಚ್ಚು, ಅಪಾಯವೂ ಇದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಬಿರುಗಾಳಿ ಅಡಿಯಿಂದ ನುಗ್ಗಿ ಇಡೀ ಚಪ್ಪರವನ್ನು ಎತ್ತಲು ನೋಡುತ್ತದೆ. ಒಂದೊಂದು ಪ್ಯಾನೆಲ್ಲು 28 ಕಿಲೋದ ಹತ್ತಿರ. ಅದು ಓಣಿಗೆ ಹಾರಿ ಬಿದ್ದರೆ ಯಾವ ವಾರಂಟಿಯೂ ಕೆಲಸಕ್ಕೆ ಬಾರದು. ಕಂಬದ ಬುಡಕ್ಕೆ ಕಾಂಕ್ರೀಟಿನ ಭಾರ ಎಷ್ಟು, ಬೋಲ್ಟು ಸ್ಲ್ಯಾಬಿನೊಳಗೆ ಎಷ್ಟು ಇಳಿದಿದೆ, ಕಬ್ಬಿಣಕ್ಕೆ ಸತುವಿನ ಲೇಪವಿದೆಯೇ ಎಂಬುದನ್ನು ನಿಂತು ನೋಡಬೇಕು.

ಮಣ್ಣಿನ ಮಾಳಿಗೆಯ ಕಷ್ಟವೇ ಬೇರೆ. ಅದಕ್ಕೆ ಬೋಲ್ಟು ಹೊಡೆಯಲು ಬರುವುದಿಲ್ಲ, ಹೊಡೆದ ತೂತಿನಿಂದ ಮೊದಲ ಮಳೆಗೇ ನೀರು ಇಳಿದು ಜಂತಿ ಕೊಳೆಯುತ್ತದೆ. ಭಾರವನ್ನು ಗೋಡೆಯ ಮೇಲೆ ಹೊರಿಸಬೇಕು, ಇಲ್ಲವೇ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಮೇಲೆ ಕೂರಿಸಬೇಕು. ಪ್ಯಾನೆಲ್ಲಿಗಾಗಿ ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿಸುವವರಿದ್ದಾರೆ. ಹಾಗೆ ಹುಟ್ಟಿದ ವಿದ್ಯುತ್ತು ಆ ಸ್ಲ್ಯಾಬಿನ ಬಿಸಿ ಓಡಿಸುವುದಕ್ಕೇ ಖರ್ಚಾಗುತ್ತದೆ.

ದುಡ್ಡಿನ ಲೆಕ್ಕ. ಪ್ರಧಾನಮಂತ್ರಿ 2024ರ ಜನವರಿ 19ರಂದು ಸೊಲ್ಲಾಪುರಕ್ಕೆ ಬಂದು ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರೇ ಮುಂತಾದವರಿಗೆ ಕಟ್ಟಿದ ರೇ ನಗರದ 15,000 ಮನೆಗಳನ್ನು ಹಸ್ತಾಂತರಿಸಿದರು. ಮೂರೇ ದಿನಕ್ಕೆ, ಜನವರಿ 22ರಂದು, ಒಂದು ಕೋಟಿ ಮನೆಗಳ ಸೂರಿಗೆ ಸೌರವಿದ್ಯುತ್ ಎಂಬ ಘೋಷಣೆ ಹೊರಬಿತ್ತು. ಅದೇ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆಯಾಯಿತು, ಸಂಪುಟ 75,021 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ನಿಲುಗಡೆ. ಹಣ ಮೊದಲು ಬರುವುದಿಲ್ಲ. ಜೋಡಣೆ ಮುಗಿದು, ಮೀಟರು ಬದಲಾಗಿ, ತಪಾಸಣೆಯಾದ ಮೇಲೆ ಗ್ರಾಹಕನ ಖಾತೆಗೆ ಬೀಳುತ್ತದೆ. ಯಾರು ಆ ಗ್ರಾಹಕ? ಎಷ್ಟೋ ಹಳ್ಳಿಮನೆಗಳಲ್ಲಿ ಮೀಟರು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ, ಸೂರು ಮೂವರು ಅಣ್ಣತಮ್ಮಂದಿರದು. ಪ್ಯಾನೆಲ್ಲಿನ ದರ ಕೇಳುವ ಮೊದಲು ಹೆಸರು ಬದಲಾವಣೆಯ ಅರ್ಜಿ ಕೊಡುವುದು ಜಾಣತನ. ರೇ ನಗರದಂಥ ಒಂದೇ ಸೂರಿನಡಿ ಹಲವು ಮನೆಗಳಿರುವ ಕಡೆ ಸೂರು ಯಾರೊಬ್ಬರದೂ ಅಲ್ಲ. ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಯೋಜನೆಯಲ್ಲಿ ಕಿಲೋವ್ಯಾಟಿಗೆ 18,000 ಇದೆ, ಅದು ಸಿಗುವುದು ಸಂಘ ಒಮ್ಮನಸ್ಸಾದರೆ.

ಗಡಿಯಾಚೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಕ್ಕಲಕೋಟೆ ತಾಲ್ಲೂಕಿನ ದುಧನಿ, ಮೈಂದರ್ಗಿಗಳಲ್ಲಿ ಇರುವಂಥದೇ ಮನೆ, ಅದೇ ಕನ್ನಡ, ಅದೇ ಬಿಸಿಲು ಆಳಂದ, ಅಫಜಲಪುರ, ಇಂಡಿ ತಾಲ್ಲೂಕುಗಳಲ್ಲೂ ಇದೆ. ಆದರೆ ಅಲ್ಲಿ 2023ರ ಜುಲೈಯಿಂದ ಕರ್ನಾಟಕ ಸರಕಾರದ ಗೃಹಜ್ಯೋತಿ ಯೋಜನೆ. ಶುರುವಾದಾಗಿನ ಸೂತ್ರದಂತೆ, ಅದಕ್ಕೂ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಪುಕ್ಕಟೆ. ಪುಕ್ಕಟೆ ಬರುವ ಯೂನಿಟ್ಟಿನ ಎದುರು ಪ್ಯಾನೆಲ್ಲಿಗೆ ಹಾಕಿದ ದುಡ್ಡು ಎಂದೂ ಹುಟ್ಟುವುದಿಲ್ಲ. ಬಡವರ ಮನೆಯ ದೀಪಕ್ಕೆ ಸರಕಾರ ದುಡ್ಡು ಕೊಡುವುದನ್ನು ನಾನು ಆಕ್ಷೇಪಿಸಲಾರೆ. ಆದರೆ ಕಡಿಮೆ ಉರಿಸಿದವನ ಪುಕ್ಕಟೆಯ ಮಿತಿಯೂ ಕಡಿಮೆ, ಹೆಚ್ಚು ಉರಿಸುತ್ತಿದ್ದವನದು ಹೆಚ್ಚು ಎಂಬ ಸೂತ್ರ ವಿಚಿತ್ರವಾಗಿದೆ.

ಮತ್ತೆ ಈಚೆ ಬಂದರೆ, ನಂದೇಶ್ವರದಂಥ ಊರಿನಲ್ಲಿ ತಿಂಗಳಿಗೆ 60 ಯೂನಿಟ್ ಉರಿಸುವ ಮನೆ. ಒಂದು ಕಿಲೋವ್ಯಾಟ್ ಹಾಕಿಸಿದರೂ ತಿಂಗಳಿಗೆ 120 ಯೂನಿಟ್ ಹುಟ್ಟುತ್ತದೆ, ಅರ್ಧ ಮಿಕ್ಕುತ್ತದೆ. ಮಿಕ್ಕದ್ದು ಮಾರ್ಚ್ ಕೊನೆಯವರೆಗೆ ಖಾತೆಯಲ್ಲಿ ಸೇರುತ್ತ ಹೋಗಿ, ಆಮೇಲೂ ಉಳಿದದ್ದನ್ನು ಕಂಪನಿ ತಾನು ಮಾರುವ ದರಕ್ಕಿಂತ ಎಷ್ಟೋ ಕಡಿಮೆಗೆ ಕೊಳ್ಳುತ್ತದೆ. ಉಳಿಸುವ ಅರವತ್ತು ಯೂನಿಟ್ಟೂ ಅಗ್ಗದ ಹಂತದ್ದೇ. ಮುಂದೆ ಮಗನ ಮದುವೆಯಾಗಿ ಮಹಡಿ ಏರಿ, ಫ್ರಿಜ್ಜು-ಕೂಲರು ಬಂದು ಬಳಕೆ 150 ಯೂನಿಟ್ ಮುಟ್ಟಿದಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿಯವರೆಗೆ ಆ ಮನೆಗೆ ಒಂದು ಡಬ್ಬಿ ಸುಣ್ಣ, ಎರಡು ಬಿಎಲ್‌ಡಿಸಿ ಫ್ಯಾನು, ಲೈಟ್ ಹೋದಾಗ ದೀಪಕ್ಕೊಂದು ಚಿಕ್ಕ ಬ್ಯಾಟರಿ ಸಾಕು. ಮೂರು ಕಿಲೋವ್ಯಾಟಿನ ದರಪಟ್ಟಿ ಹಿಡಿದು ಬಾಗಿಲಿಗೆ ಬಂದವರಿಗೆ ಚಹಾ ಕುಡಿಸಿ ಕಳಿಸಬಹುದು.